ಉಗುರಿನ ಗುರುತು

ಅಕ್ಕನ ಅಂಗೈಗೆರೆಗಳಲ್ಲಿ ಸದಾ ಜೋಳದ ಹಿಟ್ಟು ಇರುತ್ತಿತ್ತು. ಎಷ್ಟು ತೊಳೆದರೂ ಹೋಗದು. ಮದುವೆಮನೆಯಲ್ಲಿ ರೇಷ್ಮೆ ಸೀರೆ ಉಟ್ಟು ಅಕ್ಷತೆ ಹಾಕುವಾಗಲೂ ಆ ಗೆರೆಗಳು ಬೆಳ್ಳಗೆ ಕಾಣುತ್ತಿದ್ದವು. ದಪ್ಪ ಬೆರಳು, ಅಗಲ ಅಂಗೈ, ಕೈತುಂಬ ಹಸಿರು ಗಾಜಿನ ಬಳೆ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನನಗೆ ಅಕ್ಕ, ನನ್ನ ಮಗಳಿಗೆ ದೊಡ್ಡವ್ವ. ಗುರುಗುಂಟಾದ ಕುರಿ ಸಾಕುವ ಮನೆಯಿಂದ ಸಿಂಧನೂರಿನ ಈ ಮನೆಗೆ ನನಗಿಂತ ಎಷ್ಟೋ ಮೊದಲೇ ಸೊಸೆಯಾಗಿ ಬಂದವಳು. ನಕ್ಕರೆ ಓಣಿಯ ಆ ತುದಿಗೆ ಕೇಳಬೇಕು. ನಾನೋ ಕಾನ್ವೆಂಟಿನಲ್ಲಿ ಸಿಸ್ಟರುಗಳಿಂದ ಮೆಲ್ಲಗೆ ಮಾತಾಡುವುದನ್ನು, ಮೆಲ್ಲಗೆ ಬಾಗಿಲು ಹಾಕುವುದನ್ನು ಕಲಿತವಳು.

ಮಗಳಿಗೆ ಐದು ತುಂಬಿದ ವರ್ಷ ಅವಳ ಬಲಗೈಯ ನಡುಬೆರಳು ಊದಿಕೊಂಡಿತು. ಬುಡದಿಂದ ತುದಿಯವರೆಗೆ ಒಂದೇ ಸಮ, ಬೇಯಿಸಿದ ಗೆಣಸಿನ ಹಾಗೆ. ಅಕ್ಕ ನೋಡಿದ್ದೇ, "ಉಗುರುಸುತ್ತು ಆಗೈತಿ ತಗೋ" ಎಂದು ಲಿಂಬೆಹಣ್ಣಿಗೆ ತೂತು ಕೊರೆದು, ಅರಿಶಿಣ ತುಂಬಿ, ಬೆರಳಿಗೆ ಸಿಕ್ಕಿಸಿದಳು. ಹಳದಿ ಟೋಪಿ ಹಾಕಿಕೊಂಡ ಬೆರಳನ್ನು ಮಗಳು ಓಣಿಯವರಿಗೆಲ್ಲ ತೋರಿಸಿ ಬಂದಳು. ಲಿಂಬೆ ಒಣಗಿತು, ಊತ ಇಳಿಯಲಿಲ್ಲ. ಪಕ್ಕದ ಬೆರಳಿಗೂ, ಆಮೇಲೆ ಮೊಣಕಾಲಿಗೂ ಬಂತು. "ಇದು ಉಗುರುಸುತ್ತು ಅಲ್ಲಕ್ಕಾ" ಎಂದು ನಾನು ಹೇಳಿದ್ದೇ ಸರಿಯಾಯಿತು. ಮಗಳ ವಿಷಯದಲ್ಲಿ ಅಕ್ಕನೆದುರು ನಾನು ಗೆದ್ದದ್ದು ಅದೊಂದೇ ಸಲ.

ದೊಡ್ಡಾಸ್ಪತ್ರೆಯ ಡಾಕ್ಟರು ಇದು ಮಕ್ಕಳಿಗೆ ಬರುವ ಕೀಲುಬೇನೆ ಎಂದರು. ಎಲುಬು ಬೆಳೆಯುವ ಜಾಗ ಕೀಲಿನ ಹತ್ತಿರವೇ ಇರುತ್ತದಂತೆ. ಉರಿಯೂತ ಅಲ್ಲೇ ಕೂತರೆ ಬೆರಳು ಗಿಡ್ಡವಾಗಿ ನಿಲ್ಲಬಹುದು, ಸೊಟ್ಟಾಗಬಹುದು. "ಔಷಧ ಒಂದ್ ದಿನಾನೂ ಬಿಡಬ್ಯಾಡ್ರಿ. ಬ್ಯಾನಿ ಅಂತ ಕೈ ಮಡಚಿ ಕುಂದ್ರಿಸಬ್ಯಾಡ್ರಿ. ಮುಂಜಾನೆ ಬೆಚ್ಚಗಿನ ನೀರಾಗ ಬೆರಳು ಆಡಸ್ರಿ, ಇಲ್ಲಂದ್ರ ಮುಂದ ಮುಷ್ಟಿ ಕಟ್ಟಾಕ ಆಗಂಗಿಲ್ಲ."

ನಾನು ಬೋಗುಣಿಯಲ್ಲಿ ಬಿಸಿನೀರು ಇಟ್ಟೆ, ಮೆತ್ತನೆಯ ಚೆಂಡು ತಂದೆ. ಬೆಳಗಿನ ಹೊತ್ತು ಅವಳ ಬೆರಳುಗಳು ಕಟ್ಟಿಗೆಯಾಗಿರುತ್ತಿದ್ದವು. ಅವಳು ಅತ್ತರೆ ನನ್ನ ಕೈ ನಿಂತುಬಿಡುತ್ತಿತ್ತು. ಫ್ರಾಕಿನ ಗುಂಡಿ ನಾನೇ ಹಾಕಿದೆ, ತುತ್ತು ನಾನೇ ಇಟ್ಟೆ.

ಒಂದು ದಿನ ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದಳು. "ತಂಗೀ, ಬೆಚ್ಚಗಿನ ನೀರಾಗ ಕೈ ಆಡಸೂದಂದ್ರ ಹಿಟ್ಟು ನಾದೂದಲ್ಲೇನು? ಕೊಡಿಲ್ಲಿ ಆಕೀನ್ನ."

ಜೋಳದ ಹಿಟ್ಟಿಗೆ ಕುದಿನೀರು ಹಾಕಿಯೇ ನಾದಬೇಕಲ್ಲ. ಮಗುವಿನ ಕೈ ತಾಳುವಷ್ಟು ಆರಿದ ಮೇಲೆ ಅಕ್ಕ ಅವಳ ಎರಡೂ ಕೈಗಳನ್ನು ಹಿಟ್ಟು ನಾದುವ ಪರಾತದೊಳಗೆ ಇಡಿಸುತ್ತಿದ್ದಳು. ಆಮೇಲೆ ಅಂಗೈಯಗಲದ ಪುಟ್ಟ ರೊಟ್ಟಿ. ದಿನಾ ಮುಂಜಾನೆ ಅಡುಗೆಮನೆಯಿಂದ ಎರಡು ಸದ್ದು ಬರುತ್ತಿದ್ದವು. ಒಂದು ಧಡಧಡ, ಒಂದು ಪಟಪಟ.

"ಬಡೀ ಬೇ ಗುಬ್ಬೀ! ಹಿಟ್ಟೇನ್ ನಿನ್ನ ಕಚ್ಚತೈತೇನು?"

"ಬ್ಯಾನಿ ಆಗತೈತಿ ದೊಡ್ಡವ್ವಾ."

"ನನಗೂ ಸೊಂಟ ಬ್ಯಾನಿ ಆಗಾಕತ್ತೈತಿ. ಬಾ, ಇಬ್ರೂ ಕೂಡಿ ಅಳೂನು. ಹಿಟ್ಟಿಗೆ ಉಪ್ಪು ಹಾಕೂದರ ಉಳೀತೈತಿ."

ಮಗಳು ಅಳುತ್ತಲೇ ನಗುತ್ತಿದ್ದಳು. ನಾನು ಪಡಸಾಲೆಯಲ್ಲಿ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದೆ. ಆ ನಗು ನನ್ನ ಹತ್ತಿರ ಯಾಕೆ ಬರುವುದಿಲ್ಲ? ಮಾತ್ರೆ ತಪ್ಪದೆ ಕೊಡುವವಳು ನಾನು, ರಾತ್ರಿ ಕಾಲು ನೀವುವವಳು ನಾನು. ಅವಳ ತಲೆಗೂದಲಿಗೆ ಅಕ್ಕನ ಎಣ್ಣೆಯ ವಾಸನೆ ಹತ್ತಿತು. ನಾನು ಕಲಿಸಿದ ಪ್ಲೀಸ್ ಹೋಗಿ "ಜಲ್ದಿ ಬಾ ಬೇ" ಬಂತು. ರಜೆಗೆಂದು ಲಿಂಗಸೂಗೂರಿನ ನನ್ನ ತವರಿಗೆ ಕರೆದೊಯ್ದರೆ ಮರುದಿನವೇ ದೊಡ್ಡವ್ವ ಬೇಕೆಂದು ಹಟ. ವಾಪಸು ಬರುವಾಗ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೊಂದು ಮೋಸಂಬಿ ಸುಲಿದು ಕೊಟ್ಟೆ. ಅರ್ಧ ತಿಂದು ಉಳಿದರ್ಧ ಕರ್ಚೀಫಿನಲ್ಲಿ ಕಟ್ಟಿಕೊಂಡಳು. ದೊಡ್ಡವ್ವನಿಗಂತೆ.

ಮೊಣಕಾಲಿನ ಕೀಲಿಗೆ ಸೂಜಿ ಹಾಕುವ ದಿನ ಅಕ್ಕನೂ ಜತೆಗೆ ಬಂದಿದ್ದಳು. "ಒಬ್ರು ಮಾತ್ರ ಒಳಗ ಬರ್ರಿ" ಎಂದಳು ನರ್ಸು. ನಾನು ಹೆಜ್ಜೆ ಇಟ್ಟಾಗಿತ್ತು.

"ಮಮ್ಮಿ ಬ್ಯಾಡ" ಎಂದಳು ಮಗಳು. "ಮಮ್ಮಿ ಅಳ್ತಾಳ. ದೊಡ್ಡವ್ವ ಬರ್ಲಿ."

ಅಕ್ಕ ನನ್ನ ಮುಖ ನೋಡಿದಳು. ನಾನು ಪಕ್ಕಕ್ಕೆ ಸರಿದೆ. ಬಾಗಿಲ ಹೊರಗೆ ಅಕ್ಕ ಬಿಟ್ಟ ಚಪ್ಪಲಿಗಳ ಪಕ್ಕ ನಿಂತೆ. ಒಳಗಿನಿಂದ ಒಂದೇ ಒಂದು ಕೂಗು ಕೇಳಿತು. ಅದೂ "ದೊಡ್ಡವ್ವಾ" ಎಂದೇ.

ಹೊರಗೆ ಬಂದ ಅಕ್ಕನ ಮುಖ ಅರಳಿತ್ತು. ಬಳೆ ಮೇಲೆ ಸರಿಸಿ ಮಣಿಕಟ್ಟು ತೋರಿಸಿದಳು. "ನೋಡ ತಂಗೀ, ಬಲಗೈಲೆ ಹೆಂಗ ಹಿಡದಾಳ! ಉಗುರು ನಟ್ಟಾವು. ನಿನ್ನ ಮಗಳು ಮುಷ್ಟಿ ಕಟ್ಟ್ಯಾಳ ಬೇ!"

ನಾಲ್ಕು ಕೆಂಪು ಗೆರೆಗಳು. ಮಗಳ ಬೆರಳು ಮಡಚಿದ್ದಕ್ಕೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಆ ಗೆರೆಗಳು ನನ್ನ ಕೈ ಮೇಲೆ ಇರಬೇಕಿತ್ತು ಎಂಬ ಸಂಕಟ ಅದಕ್ಕಿಂತ ದೊಡ್ಡದಾಗಿತ್ತು. ಗಾಯವನ್ನು ಕಂಡು ಹೊಟ್ಟೆಕಿಚ್ಚುಪಟ್ಟವಳು ನಾನೊಬ್ಬಳೇ ಇರಬೇಕು.

ವರ್ಷಗಳ ಔಷಧಕ್ಕೆ ಕೀಲುಬೇನೆ ತಣ್ಣಗಾಯಿತು. ನಡುಬೆರಳು ಮಾತ್ರ ಪಕ್ಕದವುಗಳಷ್ಟು ಬೆಳೆಯಲಿಲ್ಲ. ಗಿಡ್ಡ, ಆದರೆ ನೆಟ್ಟಗಿದೆ; ಮಡಚುತ್ತದೆ, ಪೆನ್ನು ಹಿಡಿಯುತ್ತದೆ.

ಹೋದ ಚಳಿಗಾಲ ಅಕ್ಕ ತೀರಿಕೊಂಡಳು. ಎದೆ ಹಿಡಿದಂಗಾಗತೈತಿ ಎಂದವಳು ಆಸ್ಪತ್ರೆ ಮುಟ್ಟಲಿಲ್ಲ. ಮೈತೊಳೆಯುವಾಗ ಅವಳ ಅಂಗೈಯನ್ನು ನಾನೇ ತಿಕ್ಕಿದೆ. ಗೆರೆಗಳಲ್ಲಿನ ಹಿಟ್ಟು ಆಗಲೂ ಪೂರ್ತಿ ಹೋಗಲಿಲ್ಲ.

ಈಗ ಕಾಲೇಜಿಗೆ ಹೋಗುವ ಮುಂಚೆ ಮಗಳೇ ರೊಟ್ಟಿ ಬಡಿಯುತ್ತಾಳೆ. ಇಷ್ಟು ವರ್ಷವಾದರೂ ನನಗೆ ಅದು ಬಾರದು. ಅಕ್ಕ ಎಷ್ಟು ಕರೆದರೂ ಬಿಗುಮಾನದಿಂದ ಆ ಪರಾತದ ಹತ್ತಿರ ಹೋಗಿರಲಿಲ್ಲ. ಮೊನ್ನೆ ಮಗಳು ನನ್ನನ್ನು ಎಳೆದು ಕೂರಿಸಿದಳು. ಬಿಸಿ ಹಿಟ್ಟು ಚುರ್ ಎಂದಿತು, ಕೈ ಹಿಂದೆಳೆದೆ. ಅವಳು ಬಲಗೈಯಿಂದ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದು ಮತ್ತೆ ಒಳಗೆ ಒತ್ತಿದಳು.

"ಹಿಟ್ಟೇನ್ ನಿನ್ನ ಕಚ್ಚತೈತೇನು ಬೇ?"

ಗಂಟಲು ಮಗಳದು, ದನಿ ಅಕ್ಕನದೇ. ನನ್ನ ಕೈ ಹಿಡಿದಾಗಲೂ ಬಾಯಲ್ಲಿ ಅಕ್ಕನೇ ಬಂದಳಲ್ಲ ಎಂದು ಆ ಹಳೆಯ ಕಿಚ್ಚು ಒಮ್ಮೆ ಚುರುಗುಟ್ಟಿತು.

ಮಗಳು ಕೈ ಬಿಟ್ಟಾಗ ನೋಡಿಕೊಂಡೆ. ಮಣಿಕಟ್ಟಿನ ಮೇಲೆ ನಾಲ್ಕು ಉಗುರಿನ ಗುರುತು. ಅದರಲ್ಲೊಂದು ಸಾಲಿಗಿಂತ ತುಸು ಹಿಂದೆ ನಿಂತಿತ್ತು. ಹಿಟ್ಟಿನ ಕೈ ತೊಳೆಯುವಾಗ ಅಷ್ಟು ಜಾಗಕ್ಕೆ ನೀರು ತಾಗಿಸಲಿಲ್ಲ.