ಕಹಿಯಕ್ಕನ ನಾಲಿಗೆ

ಸೋರೆಕಾಯಿ ಬಂದ ದಿನ ಆಸ್ಪತ್ರೆಯ ಅಡುಗೆಮನೆ ಆಕೆಯ ನಾಲಿಗೆಗಾಗಿ ಕಾಯುತ್ತಿತ್ತು. ಮೂಟೆ ಬಿಚ್ಚಿ ಕಾಯಿಗಳನ್ನು ಕಲ್ಲಿನ ಕಟ್ಟೆಯ ಮೇಲೆ ಸಾಲಾಗಿ ಮಲಗಿಸಿದರೆ, ಆಕೆ ಒಂದೊಂದರ ತೊಟ್ಟಿನ ಕಡೆಯಿಂದ ಉಗುರಿನಷ್ಟು ತೆಳ್ಳನೆಯ ಚೂರು ಕೊಯ್ದು, ನಾಲಿಗೆಗೆ ತಾಗಿಸಿ, ಕಣ್ಣು ಮುಚ್ಚಿ ಒಂದು ಕ್ಷಣ ನಿಂತು, ಉಗಿದು, ಬಾಯಿ ಮುಕ್ಕಳಿಸಿ ಮುಂದಿನ ಕಾಯಿಗೆ ಹೋಗುತ್ತಿದ್ದಳು. ನೂರಕ್ಕೊಂದು ಕಾಯಿಗೆ ಆಕೆಯ ಹುಬ್ಬು ಗಂಟಿಕ್ಕುತ್ತಿತ್ತು. “ಕಹಿ,” ಅನ್ನುತ್ತಿದ್ದಳು. ಅದು ನೇರ ಕಸದ ಡಬ್ಬಿಗೆ. ಹೀಗೆ ಇಪ್ಪತ್ತೆರಡು ವರ್ಷ. ಆಕೆಯ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಎಲ್ಲರ ಬಾಯಲ್ಲೂ ಆಕೆ ಕಹಿಯಕ್ಕ. ಆ ಹೆಸರಿಗೂ ಆಕೆಯ ಮೆದುಮಾತಿಗೂ ಎಣ್ಣೆ ಸೀಗೆಕಾಯಿ.

ಕೆಲಸ ಕಲಿಸಿದವಳು ಸೋದರತ್ತೆ. ಆ ಕಾಲದಲ್ಲಿ ಅಡುಗೆಮನೆ ಅವಳ ಕೈಯಲ್ಲಿತ್ತು. ಮೊದಲ ದಿನವೇ ಹೇಳಿದ್ದಳು: “ನೋಡು, ಗಿಡಕ್ಕೆ ಓಡಿಹೋಗೋಕೆ ಕಾಲಿಲ್ಲ, ಕಚ್ಚೋಕೆ ಹಲ್ಲಿಲ್ಲ. ತಿನ್ನೋಕೆ ಬಂದೋರನ್ನ ತನ್ನೊಳಗಿನ ರಸದಿಂದಾನೇ ಓಡಿಸ್ಬೇಕು. ಅದರ ಕೋಪ ಇಳಿಸಿ ತಟ್ಟೆಗೆ ಹಾಕೋದೇ ನಮ್ಮ ಕೆಲಸ.”

ರಾಜ್ಮಾ ಕಾಳನ್ನು ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಿದರೆ ಅದರ ಕೋಪ ಇಳಿಯುತ್ತದೆ. ಅರೆಬೆಂದರೆ ಹೊಟ್ಟೆ ತೊಳಸಿ ವಾಂತಿ. ಬೆಳಕಿಗೆ ಬಿದ್ದು ಹಸಿರಾದ ಆಲೂಗಡ್ಡೆಯನ್ನು ದಪ್ಪಗೆ ಹೆರೆಯಬೇಕು, ಹಸಿರು ಒಳಗೂ ಇಳಿದಿದ್ದರೆ ಗಡ್ಡೆಯನ್ನೇ ಎಸೆಯಬೇಕು. ಆದರೆ ಕಹಿ ಸೋರೆಕಾಯಿಯ ಕೋಪ ಯಾವ ಬೆಂಕಿಗೂ ಬಗ್ಗುವುದಿಲ್ಲ. ಎಷ್ಟು ಬೇಯಿಸಿದರೂ ಹೊಟ್ಟೆ ಹಿಂಡಿ, ವಾಂತಿಭೇದಿ ತರಿಸಿ, ರಕ್ತದೊತ್ತಡ ಇಳಿಸಿ ಮಲಗಿಸಿಬಿಡುತ್ತದೆ. ಅದಕ್ಕೆ ನಾಲಿಗೆಯೊಂದೇ ಕಾವಲು.

ಈರುಳ್ಳಿ ಹೆಚ್ಚುವವನನ್ನು ಎಲ್ಲರೂ ಈರುಳ್ಳಿ ಮಾವ ಅನ್ನುತ್ತಿದ್ದರು. ಈಜುವವರ ಕನ್ನಡಕ ಹಾಕಿಕೊಂಡೇ ಅವನ ಕೆಲಸ. ರೋಗಿಗಳ ಊಟ ಗೊತ್ತುಮಾಡುವ ಪಥ್ಯದ ಮೇಡಂ ಒಮ್ಮೆ ಗಿಡಗಳ ಈ ವಿಷದ ಬಗ್ಗೆ ಹೇಳುತ್ತಿದ್ದಾಗ ಕೇಳಿದ, “ಹಾಗಾದ್ರೆ ಮೇಡಂ, ಈರುಳ್ಳೀನೂ ವಿಷನಾ?”

“ನಿಮ್ಮನ್ನ ಅಳಿಸೋದು ಅದು ಹುಳ ಓಡಿಸೋಕೆ ಇಟ್ಕೊಂಡಿರೋ ಆಯುಧಾನೇ. ಸಾಸಿವೆ ಘಾಟು, ಮೆಣಸಿನಕಾಯಿ ಖಾರ, ಎಲ್ಲ ಅದೇ ಜಾತಿ. ಹಿತಮಿತವಾಗಿ ತಿಂದ್ರೆ ನಮಗೆ ರುಚಿ, ಕೆಲವು ಒಳ್ಳೇದೂ ಮಾಡ್ತಾವೆ. ಎಲ್ಲಾನೂ ವಿಷ ಅಂತ ಬಿಟ್ರೆ ಗಾಳಿ ಕುಡ್ಕೊಂಡು ಬದುಕಬೇಕಷ್ಟೆ.”

“ಅಂದ್ರೆ ಮೂವತ್ತು ವರ್ಷದಿಂದ ನಾನು ಯುದ್ಧಭೂಮೀಲಿದ್ದೀನಿ,” ಅಂದ ಅವನು. “ಮನೇಲಿ ಹೇಳಿದ್ರೆ ನಂಬಲ್ಲ.”

ಆ ಬೇಸಿಗೆಯಲ್ಲಿ ಕಹಿಯಕ್ಕನಿಗೆ ಜ್ವರ ಬಂತು. ನಾಲ್ಕು ದಿನ ಮಲಗಿ ಎದ್ದು ಕೆಲಸಕ್ಕೆ ಬಂದಳು. ಮೊದಲ ಚೂರನ್ನು ನಾಲಿಗೆಗಿಟ್ಟಾಗ ಏನೂ ಆಗಲಿಲ್ಲ. ಚಿಟಿಕೆ ಉಪ್ಪು ಬಾಯಿಗೆ ಹಾಕಿಕೊಂಡಳು, ಮರಳಿನಂತಿತ್ತು. ನಿಂಬೆ ಹಿಂಡಿಕೊಂಡಳು, ನೀರು. ನಾಳೆ ಸರಿಹೋದೀತು ಎಂದು ಸುಮ್ಮನಾದಳು. ನಾಳೆಯೂ ಹಾಗೆಯೇ ಕಳೆಯಿತು. ಹೇಳಿದರೆ ಪಾತ್ರೆ ತೊಳೆಯುವ ಕಡೆಗೆ ಹಾಕುತ್ತಾರೆ. ಅದಕ್ಕಿಂತ ಹೆಚ್ಚಾಗಿ, ನಾಲಿಗೆ ಹೋದ ಮೇಲೆ ತಾನು ಯಾರು ಎಂಬುದು ಆಕೆಗೆ ಹೊಳೆಯಲಿಲ್ಲ. ಕಣ್ಣು ಮುಚ್ಚಿ, ಕ್ಷಣ ನಿಂತು, ಉಗಿದು “ಸರಿ” ಅನ್ನುವುದನ್ನು ಮುಂದುವರಿಸಿದಳು. ನೂರಕ್ಕೊಂದು ತಾನೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೇಸಿಗೆಗೆ ಬಾಡಿದ ಬಳ್ಳಿಯ ಕಾಯಿ ಹೆಚ್ಚು ಕಹಿ ಎಂದು ಅತ್ತೆ ಹೇಳಿದ್ದನ್ನು ಮಾತ್ರ ಬೇಕೆಂದೇ ನೆನೆಯಲಿಲ್ಲ.

ಹನ್ನೆರಡನೆಯ ದಿನ ನಲವತ್ತು ಸೋರೆಕಾಯಿ ಬಂದವು. ನಲವತ್ತೂ “ಸರಿ”. ಬೇಯಿಸಿ, ರುಬ್ಬಿ, ಅಳತೆಯ ಚಮಚದಲ್ಲಿ ಉಪ್ಪು ಹಾಕಿ, ಹನ್ನೊಂದು ಗಂಟೆಗೆ ಸೂಪನ್ನು ಮೂರನೇ ಮಹಡಿಯ ವಾರ್ಡಿಗೆ ಕಳಿಸಿದರು. ಕಟ್ಟೆ ಒರೆಸುತ್ತಿದ್ದ ಈರುಳ್ಳಿ ಮಾವ ಅಂಟಿಕೊಂಡಿದ್ದ ಹಸಿ ಚೂರೊಂದನ್ನು ಬಾಯಿಗೆಸೆದುಕೊಂಡ. ಏನನ್ನಾದರೂ ಮೆಲ್ಲದಿದ್ದರೆ ಅವನಿಗೆ ಕೈ ಓಡದು. ಮರುಕ್ಷಣ ತೊಟ್ಟಿಗೆ ಉಗಿದ.

“ಥೂ, ಬೇವಿನ ಅಪ್ಪ ಇದು. ಎಸೆದ ಕಾಯೀದಾ ಅಕ್ಕಾ?”

“ಇವತ್ತು ಯಾವುದನ್ನೂ ಎಸೆದಿಲ್ಲ,” ಅಂದಳು.

ಅವನು ಕನ್ನಡಕವನ್ನು ಹಣೆಗೇರಿಸಿ ಆಕೆಯ ಮುಖ ನೋಡಿದ. “ಮೇಲಕ್ಕೆ ಫೋನ್ ಮಾಡು ಮಾವ. ಸೂಪ್ ಯಾರಿಗೂ ಕೊಡಬೇಡಿ ಅನ್ನು. ಪಥ್ಯದ ಮೇಡಂಗೂ ಹೇಳು,” ಎಂದವಳೇ ಲಿಫ್ಟಿನತ್ತ ಓಡಿದಳು.

ಲಿಫ್ಟ್ ನಡೆಸುವವನು ಆಕೆಯ ಗಂಡನೇ. ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದ. ಮುದಿ ಲಿಫ್ಟ್ ನರಳುತ್ತ ಏರತೊಡಗಿತು.

“ನಂಗೆ ಹನ್ನೆರಡು ದಿನದಿಂದ ರುಚಿ ಗೊತ್ತಾಗ್ತಿಲ್ಲ ರೀ. ಕಹಿ ಕಾಯಿ ಮೇಲೆ ಹೋಗಿದೆ.”

ಅವನು ತಿರುಗಿ ನೋಡಿದ. “ಅದಕ್ಕಾ? ಹನ್ನೆರಡು ದಿನದಿಂದ ಸಮುದ್ರದ ನೀರು ಉಣ್ತಿದ್ದೀನಿ. ನನ್ ಮೇಲೆ ಕೋಪ ಮಾಡ್ಕೊಂಡಿದ್ದೀಯ ಅಂದ್ಕೊಂಡು ಬಾಯಿ ಮುಚ್ಚಿಕೊಂಡಿದ್ದೆ.” ಆಮೇಲೆ ಮೆಲ್ಲಗೆ ಅಂದ, “ಹೇಳಿಬಿಡು. ಎಲ್ಲಾರ ಮುಂದೇನೇ ಹೇಳು. ನಾನಿಲ್ಲೇ ಇರ್ತೀನಿ.”

ಫೋನು ಆಗಲೇ ಮುಟ್ಟಿತ್ತು. ಆದರೂ ಹನ್ನೊಂದು ಜನ ಕುಡಿದಾಗಿತ್ತು. ನರ್ಸಿನ ಮುಖ ಬಿಳಿಚಿತ್ತು. “ಇಬ್ಬರು ಮೂವರು ಕಹಿ ಅಂದ್ರು. ಮಾತ್ರೆ ನುಂಗೋರಿಗೆ ಯಾವಾಗಲೂ ಬಾಯಿ ಕಹಿನೇ ಅಲ್ವಾ, ಕಣ್ಮುಚ್ಚಿ ಕುಡೀರಿ ಅಂದೆ.”

ಡಾಕ್ಟರು ಬಂದರು, ಪಥ್ಯದ ಮೇಡಂ ಬಂದರು. ಕಹಿಯಕ್ಕ ಗೋಡೆಗೆ ಒರಗದೆ ನೆಟ್ಟಗೆ ನಿಂತು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೋದಂತೆ ಎದೆಯ ಮೇಲಿದ್ದ ಹನ್ನೆರಡು ದಿನದ ಕಲ್ಲು ಸರಿಯಿತು. ಆ ಜಾಗಕ್ಕೆ ಹನ್ನೊಂದು ಜನ ಬಂದು ಕೂತರು.

ಮೇಡಂ ಚಮಚದ ತುದಿಯಲ್ಲಿ ಸೂಪನ್ನು ನಾಲಿಗೆಗೆ ಮುಟ್ಟಿಸಿ ಉಗಿದರು. “ಕಹಿ ಇದೆ. ಆದ್ರೆ ತೆಳುವಾಗಿದೆ. ನಲವತ್ತರಲ್ಲಿ ಒಂದೋ ಎರಡೋ ಇರಬೇಕು.”

“ಇದಕ್ಕೆ ಅಂತ ಬೇರೆ ಔಷಧಿ ಇಲ್ಲ,” ಅಂದರು ಡಾಕ್ಟರು. “ಅರ್ಧ ಗಂಟೆಗೊಮ್ಮೆ ಬಿ.ಪಿ. ನೋಡೋಣ. ಯಾರಿಗಾದ್ರೂ ಜಾಸ್ತಿ ಆದ್ರೆ ಡ್ರಿಪ್ ಹಾಕೋಣ.”

ಆಕೆ ವಾರ್ಡಿನ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತಳು. ಹನ್ನೆರಡೂವರೆಗೆ ಕಿಟಕಿ ಪಕ್ಕದ ಹೆಂಗಸಿಗೆ ವಾಂತಿಯಾಯಿತು. ಒಂದು ಗಂಟೆಗೆ ಇನ್ನೊಬ್ಬರು ಹೊಟ್ಟೆನೋವೆಂದರು. ಇಬ್ಬರಿಗೂ ತಾನೇ ಬೇಸಿನ್ ಹಿಡಿದಳು, ಬೆನ್ನು ನೀವಿದಳು. ಎರಡು ಗಂಟೆಯಾಯಿತು. ಮೂರನೆಯವರು ಯಾರೆಂದು ಒಂದೊಂದೇ ಮಂಚ ನೋಡುತ್ತ ಕಾದಳು. ಮೂರನೆಯವರು ಇರಲಿಲ್ಲ. ವಾಂತಿಯಾದ ಹೆಂಗಸು ಎದ್ದು ಕೂತು ತಲೆ ಬಾಚಿಕೊಳ್ಳತೊಡಗಿದಳು. ಬಾಚಣಿಗೆ ಕೂದಲಲ್ಲಿ ಇಳಿಯುವುದನ್ನು ಕಹಿಯಕ್ಕ ಅಷ್ಟು ಆಸೆಯಿಂದ ಹಿಂದೆಂದೂ ನೋಡಿರಲಿಲ್ಲ.

ನಾಲ್ಕು ಗಂಟೆಗೆ ಡಾಕ್ಟರು ಕೊನೆಯ ಸಲ ಹನ್ನೊಂದು ಮಂಚ ಸುತ್ತಿ ಬಂದರು. “ಇನ್ನು ಭಯ ಇಲ್ಲ.”

ಆಕೆಯ ಕಣ್ಣು ತುಂಬಿತು. ಮೇಡಂ ಪಕ್ಕಕ್ಕೆ ಬಂದು ನಿಂತರು. “ಯಾಕೆ ಹೇಳಲಿಲ್ಲ?”

“ನಾಲಿಗೆ ಇಲ್ಲದ ಕಹಿಯಕ್ಕ ಯಾಕೆ ಬೇಕು ಅಂತೀರೇನೋ ಅಂತ.”

“ನಾಳೆ ನಿಮಗೆ ಎಚ್ಚರಿಕೆ ಪತ್ರ ಬರುತ್ತೆ. ನಾನೇ ಬರೀತೀನಿ, ಬರೀಲೇಬೇಕು. ಆದ್ರೆ ಇಡೀ ಆಸ್ಪತ್ರೇನ ಒಂದೇ ನಾಲಿಗೆ ಮೇಲೆ ನಿಲ್ಲಿಸಿದ್ದು ನಮ್ಮ ತಪ್ಪು. ಇನ್ಮೇಲೆ ಪ್ರತಿ ಕಾಯೀನೂ ಎರಡು ನಾಲಿಗೆ ರುಚಿ ನೋಡಬೇಕು. ಕಲಿಸೋದು ನೀವೇ. ಮೊದಲು ಕಿವಿ ಮೂಗು ಗಂಟಲಿನ ಡಾಕ್ಟರ ಹತ್ರ ಹೋಗಿ ತೋರಿಸ್ಕೊಳ್ಳಿ.”

ಎಚ್ಚರಿಕೆ ಪತ್ರವಾದರೂ ಆಕೆಗೆ ಹಗುರವೇ ಅನ್ನಿಸಿತು. ತಲೆಯಾಡಿಸಿದಳು.

ಆಗ ಮೂಲೆಯ ಮಂಚದಿಂದ ನಿವೃತ್ತ ಮೇಷ್ಟರೊಬ್ಬರು ಕೈ ಎತ್ತಿದರು. ಸೂಪಿನ ಬಟ್ಟಲನ್ನು ಪೂರ್ತಿ ಖಾಲಿ ಮಾಡಿದವರು ಅವರೊಬ್ಬರೇ. ಆಕೆ ಬೇಸಿನ್ ಎತ್ತಿಕೊಂಡು ಅತ್ತ ಓಡಿದಳು.

“ಬೆಳಿಗ್ಗೆ ಕಹಿ ಅಂದೆ, ಯಾರೂ ಕೇಳಲಿಲ್ಲ. ಈಗ ಹಸಿವು ಅಂತಿದ್ದೀನಮ್ಮಾ, ಇದನ್ನಾದ್ರೂ ಕೇಳ್ತೀರಾ?”

ಆಕೆ ಕಣ್ಣೊರೆಸಿಕೊಂಡು ನಕ್ಕಳು. “ಏನು ಬೇಕು ಮೇಷ್ಟ್ರೇ?”

“ಸೋರೆಕಾಯಿ ಬಿಟ್ಟು ಏನಾದ್ರೂ ಸರಿ.”

ಕೆಳಗಿಳಿದು ಅಕ್ಕಿ ತೊಳೆದು ತೆಳ್ಳಗೆ ಗಂಜಿ ಬೇಯಿಸಿದಳು. ಸೌಟಿನಲ್ಲಿ ಒಂದಿಷ್ಟು ತೆಗೆದು ಈರುಳ್ಳಿ ಮಾವನ ಮುಂದೆ ಹಿಡಿದಳು. “ನೋಡಿ ಹೇಳು.” ಅವನು ಆಕೆಯಂತೆಯೇ ಕಣ್ಣು ಮುಚ್ಚಿ ಒಂದು ಕ್ಷಣ ನಿಂತ. “ಉಪ್ಪು ಒಂದು ಚಿಟಿಕೆ ಕಮ್ಮಿ.” ಆಕೆ ಹಾಕಿದಳು. ಅವನು ಮತ್ತೆ ನೋಡಿ, “ಈಗ ಸರಿ,” ಅಂದ.

ಬಟ್ಟಲು ಹಿಡಿದು ಮೇಲೆ ಹೋದಳು. ಮೇಷ್ಟರು ಉಂಡು ಮುಗಿಸುವವರೆಗೂ ಮಂಚದ ಕಾಲ ಬಳಿ ನಿಂತಿದ್ದಳು. ಅವರು ಬಟ್ಟಲನ್ನು ಬೆರಳಿನಿಂದ ಬಳಿದು, “ಇನ್ನೊಂಚೂರು ಇದೆಯಾ?” ಅಂದರು.