ದೊಡ್ಡವ್ವನ ಮಣ್ಣಿಗೆ ತಡವಾದ ದಿನ

ಕಾರಿಗೆ ಜಿಪಿಎಸ್ ಯಂತ್ರ ಕೊಳ್ಳುವುದು ಒಳ್ಳೆಯದೋ, ಮ್ಯಾಪ್ ಇರುವ ಫೋನ್ ಕೊಳ್ಳುವುದು ಒಳ್ಳೆಯದೋ ಎಂದು ನಾನೂ ನನ್ನ ತಮ್ಮನೂ ಒಂದು ದೀಪಾವಳಿ ರಜೆಯುದ್ದಕ್ಕೂ ವಾದ ಮಾಡಿದ್ದೆವು. ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ಕಡೆ ಎರಡೂ ಹೊಸವು. ತಮ್ಮ ಸಿಂದಗಿಯಲ್ಲಿ ಹೈಸ್ಕೂಲ್ ಮಾಸ್ತರ. ಸಂಬಳ ಕೂಡಿಟ್ಟು ಮ್ಯಾಪ್ ಬರುವ ಫೋನ್ ತಂದಿದ್ದ. ಅದರಲ್ಲಿ ಇಂಡಿ ಪಟ್ಟಣದ ನಮ್ಮ ಮನೆಯ ಮಾಳಿಗೆ ಆಕಾಶದಿಂದ ಹೇಗೆ ಕಾಣುತ್ತದೆಂದು ಅವ್ವನಿಗೆ ತೋರಿಸಿದ್ದ. ಅವ್ವ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, "ಮ್ಯಾಲ ಒಣಾ ಹಾಕಿದ್ದ ಮೆಣಸಿನಕಾಯಿ ಕಾಣವಲ್ಲವು" ಅಂದಿದ್ದಳು.

ನಾನು ಹನಿ ನೀರಾವರಿಯ ಪೈಪು ಮಾರುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದೆ. ಇಂಡಿಯ ನಿಂಬೆ ತೋಟಗಳು, ಚಡಚಣದ ದ್ರಾಕ್ಷಿ ತೋಟಗಳು, ಆ ಕಡೆ ಮುದ್ದೇಬಿಹಾಳದವರೆಗೆ ನನ್ನ ತಿರುಗಾಟ. ತೋಟದ ನಡುವೆ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಸಿಗ್ನಲ್ ಇಲ್ಲದಿದ್ದರೆ ತಮ್ಮನ ಮ್ಯಾಪು ಬರೀ ಬೂದು ಬಣ್ಣದ ಚೌಕ. ಜಿಪಿಎಸ್ ಯಂತ್ರದಲ್ಲಾದರೆ ನಕಾಶೆ ಒಳಗೇ ತುಂಬಿಟ್ಟಿರುತ್ತದೆ, ಯಾವ ಕಂಪನಿಯ ಟವರಿನ ಹಂಗೂ ಇಲ್ಲ. ಇದು ನನ್ನ ವಾದ. ಈಗಲೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಸೊಲ್ಲಾಪುರದ ಗೆಳೆಯನೊಬ್ಬನಿಗೆ ಹೇಳಿ ಒಂದು ಯಂತ್ರ ತರಿಸಿ, ಕಾರಿನ ಮುಂದಿನ ಗಾಜಿಗೆ ಅಂಟಿಸಿದೆ. ಅಂಗೈಯಗಲದ ಡಬ್ಬಿ. ಅದರೊಳಗಿನ ಹೆಂಗಸು ಇಂಗ್ಲಿಷಿನಲ್ಲಿ ಎಡಕ್ಕೆ, ಬಲಕ್ಕೆ ಅನ್ನುವಳು. ಒಮ್ಮೆ ಹೋದ ತೋಟವನ್ನು ಗುರುತು ಹಾಕಿಟ್ಟರೆ ಮರುಸಲ ಬಾವಿಯ ದಂಡೆಯವರೆಗೂ ಕರೆದೊಯ್ಯುವಳು. ಆರೇಳು ತಿಂಗಳಲ್ಲಿ ನನಗೆ ಅದರ ಮೇಲೆ ಎಷ್ಟು ನಂಬಿಕೆ ಬಂತೆಂದರೆ, ದಾರಿಯಲ್ಲಿ ಕಾರು ನಿಲ್ಲಿಸಿ ಯಾರನ್ನಾದರೂ ಕೇಳುವುದು ಅವಮಾನವೆನ್ನಿಸತೊಡಗಿತ್ತು.

ಮರುವರ್ಷ ಮಳೆ ಮುಗಿಯುವ ಹೊತ್ತಿಗೆ, ಒಂದು ಭಾನುವಾರ ಬೆಳಿಗ್ಗೆ ದೊಡ್ಡವ್ವನ ಮಗನ ಫೋನ್ ಬಂತು. ದೊಡ್ಡವ್ವ ಅಂದರೆ ನಮ್ಮ ಅವ್ವನ ಅಕ್ಕ. ಬಸವನ ಬಾಗೇವಾಡಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಊರಿಗೆ ಕೊಟ್ಟಿದ್ದರು.

"ಅವ್ವ ಹೋದಳು" ಅಂದ. "ಮೂರಕ್ಕ ಮಣ್ಣ ಕೊಡೂದು. ಚಿಗವ್ವನ್ನ ಕರಕೊಂಡು ಲಗೂನ ಬಾ."

"ಒಂದೂವರಿ, ಎರಡರೊಳಗ ಬರ್ತೇವಿ" ಅಂದೆ.

ಅವ್ವ ಅಳಲಿಲ್ಲ. ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಒಂದು ಹೊಸ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ಕುಳಿತಳು. ಅಕ್ಕನಿಗೆ ಹೊದಿಸುವ ಸೀರೆ. ಸಿಂದಗಿಯಿಂದ ತಮ್ಮ ಬಸ್ಸಿಗೆ ಬಂದು ಸೇರಿದ ಮೇಲೆ ಹತ್ತೂವರೆಗೆ ಹೊರಟೆವು.

ಬಿಜಾಪುರ ದಾಟಿದ ಮೇಲೆ ನಾನು ಡಬ್ಬಿಯಲ್ಲಿ ದೊಡ್ಡವ್ವನ ಊರಿನ ಹೆಸರು ಒತ್ತಿದೆ. ಬಂತು. ನನಗೆ ಸಮಾಧಾನವಾಯಿತು. ಆಲಮಟ್ಟಿ ಆಣೆಕಟ್ಟಿನ ನೀರು ಏರಿದಾಗ ಆ ಊರು ಮುಳುಗಿ, ಸರಕಾರ ದೂರದ ಎತ್ತರದ ನೆಲದಲ್ಲಿ ಹೊಸ ಊರು ಕಟ್ಟಿಕೊಟ್ಟಿದ್ದು ನನಗೆ ಗೊತ್ತಿತ್ತು. ಡಬ್ಬಿ ತೋರಿಸುತ್ತಿರುವುದು ಆ ಹೊಸ ಊರನ್ನೇ ಅಂದುಕೊಂಡೆ. ಆದರೆ ಹೊಸ ಊರಿಗೆ ನಾನು ಒಮ್ಮೆಯೂ ಹೋಗಿರಲಿಲ್ಲ. ಸಣ್ಣವನಿದ್ದಾಗ ಬೇಸಿಗೆ ರಜೆಯೆಲ್ಲ ದೊಡ್ಡವ್ವನ ಹಳೆಯ ಮನೆಯಲ್ಲೇ ಕಳೆದವನು ನಾನು. ಮುದ್ದೇಬಿಹಾಳಕ್ಕೆ ಹೋಗುವಾಗ ಬಾಗೇವಾಡಿಯ ಮೇಲೆ ಎಷ್ಟೋ ಸಲ ಹಾದಿದ್ದೆ. ಪ್ರತಿ ಸಲವೂ ಬರುವಾಗ ಹೋದರಾಯಿತು ಅಂದುಕೊಂಡಿದ್ದೆ. ಅವ್ವ ಮಾತ್ರ ಎರಡು ಸಲ ಬಸ್ಸಿಗೆ ಹೋಗಿಬಂದಿದ್ದಳು.

ಬಾಗೇವಾಡಿ ಮುಟ್ಟಿದಾಗ ಒಂದು ಗಂಟೆಯಾಗಿತ್ತು. ಅವ್ವ ಹಿಂದಿನ ಸೀಟಿನಿಂದ, "ಇಲ್ಲೆ ಬಸ್‌ಸ್ಟ್ಯಾಂಡಿನ್ಯಾಗ ಯಾರನ್ನರ ಕೇಳಪ್ಪಾ. ಹಳೀ ಊರಿನ ಹಾದಿ ಬ್ಯಾರೆ, ಹೊಸಾ ಊರಿನ ಹಾದಿ ಬ್ಯಾರೆ" ಅಂದಳು.

"ಇದ್ರಾಗ ಎಲ್ಲಾ ಐತಿ ಬೇ. ನೀ ಸುಮ್ನ ಕುಂಡ್ರು."

"ಆ ಡಬ್ಬಿಯೊಳಗಿನ ಹೆಣಮಗಳು ಅಕ್ಕನ ಊರ ನೋಡ್ಯಾಳೇನು?"

ನಾನು ನಕ್ಕೆ. ಸಾವಿನ ಮನೆಗೆ ಹೊರಟ ಅವ್ವನೆದುರು ನಕ್ಕೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ತಮ್ಮ ಫೋನ್ ತೆಗೆದಿದ್ದ. ಪೇಟೆಯಲ್ಲಿ ಸಿಗ್ನಲ್ ಇತ್ತು. ಆಕಾಶದಿಂದ ತೆಗೆದ ಚಿತ್ರ ಒಂದೊಂದೇ ಚೌಕವಾಗಿ ತೆರೆದುಕೊಳ್ಳುತ್ತಿತ್ತು.

"ಅಣ್ಣಾ, ನಿನ್ನ ಡಬ್ಬಿ ಊರು ತೋರಸೂ ಜಾಗಾದಾಗ ನನಗ ನೀರ ಕಾಣಸಾಕತ್ತೈತಿ" ಅಂದ.

"ಅರ್ಧಾ ಬಂದದ್ದ ಫೋಟೋ ನೋಡಿ ಹೇಳಬ್ಯಾಡ. ಈಗ ಹಾದಿ ಬಿಟ್ಟ ಎರಡ ಮೈಲಿ ಹೋದ್ರ ನಿನ್ನ ಫೋನ್ ಸತ್ತ ಹೋಗ್ತೈತಿ."

ಅದು ಹಾಗೆಯೇ ಆಯಿತು. ಪೇಟೆ ದಾಟಿ ಸ್ವಲ್ಪ ದೂರ ಹೋಗುತ್ತಲೇ ಫೋನಿನ ಚಿತ್ರ ಅರ್ಧಕ್ಕೆ ನಿಂತಿತು. ತಮ್ಮ ಅದನ್ನು ಜೇಬಿಗಿಟ್ಟುಕೊಂಡ. ನಾನು ಗೆದ್ದವನಂತೆ ಗೇರ್ ಬದಲಿಸಿದೆ. ನಿಜವಾಗಿ ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ದೊಡ್ಡವ್ವ ಇರಲೇ ಇಲ್ಲ, ನನ್ನ ಡಬ್ಬಿ ಸರಿ ಎಂದು ತೋರಿಸುವುದಷ್ಟೇ ಇತ್ತು.

ಡಾಂಬರು ಮುಗಿದು ಖಡಿ ರಸ್ತೆ ಬಂತು. ಖಡಿ ಮುಗಿದು ಎರೆಹೊಲದ ಚಕ್ಕಡಿ ದಾರಿ ಬಂತು. ಡಬ್ಬಿಯ ಹೆಂಗಸು ನೇರ ಹೋಗು ಅನ್ನುತ್ತಲೇ ಇದ್ದಳು. ಎರಡೂ ಬದಿ ತೊಗರಿ. ಊರಿಗೆ ಇನ್ನೊಂದೂವರೆ ಕಿಲೋಮೀಟರ್ ಎಂದು ತೋರಿಸುತ್ತಿದ್ದಾಗ ಮುಂದಿನ ಗಾಲಿಗಳು ಹಸಿ ಎರೆಯಲ್ಲಿ ಇಳಿದವು. ಆಕ್ಸಿಲರೇಟರ್ ಒತ್ತಿದಷ್ಟೂ ಕಾರು ಕೂತುಕೊಂಡಿತು.

ಇಳಿದು ನೋಡಿದರೆ, ತೊಗರಿ ಸಾಲು ಮುಗಿದಲ್ಲಿಂದ ನೀರು. ಕಣ್ಣು ಹಾಯುವವರೆಗೂ ಕೃಷ್ಣೆಯ ಹಿನ್ನೀರು. ನಾವು ಬಂದ ದಾರಿ ಹಾಗೆಯೇ ಅದರೊಳಗೆ ಇಳಿದು ಹೋಗಿತ್ತು. ದೂರದಲ್ಲಿ ಒಂದು ಗುಡಿಯ ಶಿಖರ ಮೊಳದಷ್ಟು ಮೇಲೆ ಕಾಣುತ್ತಿತ್ತು. ಅವ್ವ ಕಾರಿನ ಬಾಗಿಲು ಹಿಡಿದು ನಿಂತು ಅದನ್ನೇ ನೋಡಿದಳು. "ಅದ ನೋಡು, ಹಣಮಪ್ಪನ ಗುಡಿ" ಅಂದಳು, ಅಷ್ಟೆ.

ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳು ಹತ್ತಿರ ಬಂದಳು. ಎಲ್ಲಿಗೆ ಹೊರಟಿರೆಂದು ಕೇಳಿದಳು. ಅವ್ವ ಹೇಳಿದಳು.

"ಈ ಊರ ನೀರಾಗ ಹೋಗಿ ಭಾಳ ವರ್ಷ ಆತ್ರಿ ಯವ್ವಾ. ಹೊಸಾ ಊರಿಗಿ ವಾಪಸ್ ಬಾಗೇವಾಡಿಗಿ ಹೋಗಿ, ಆ ಕಡೆ ಹಾದಿ ಹಿಡೀಬೇಕು. ಯಾರನ್ನೂ ಕೇಳಲಿಲ್ಲೇನ್ರಿ?"

ನಾನು ಜೇಬಿನಿಂದ ಫೋನ್ ತೆಗೆದೆ.

ಫೋನ್ ಮಾಡಿ ತಡವಾಗುತ್ತದೆಂದು ಹೇಳೋಣವೆಂದರೆ ಇಬ್ಬರ ಫೋನಿಗೂ ಸಿಗ್ನಲ್ ಇಲ್ಲ. ತಮ್ಮ ಪ್ಯಾಂಟು ಮಡಚಿಕೊಂಡು ಹೊಲಗಳ ಮೇಲೆ ಓಡಿದ. ಟ್ರ್ಯಾಕ್ಟರ್ ಸಿಕ್ಕು, ಹಗ್ಗ ಕಟ್ಟಿ, ಕಾರು ಮೇಲೆಳೆಯುವ ಹೊತ್ತಿಗೆ ನಾಲ್ಕು ಹೊಡೆದಿತ್ತು. ಅಲ್ಲಿಯವರೆಗೆ ಅವ್ವ ಸೀರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬದುವಿನ ಮೇಲೆ ಕುಳಿತಿದ್ದಳು. ಒಮ್ಮೆಯೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆ.

ಬಾಗೇವಾಡಿಯಲ್ಲಿ ಸಿಗ್ನಲ್ ಬಂದಾಗ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಹೊಸ ಊರು ಮುಟ್ಟಿದಾಗ ಐದೂಕಾಲು. ಮಣ್ಣಿಗೆ ಹೋದ ಜನ ತಿರುಗಿ ಬರುತ್ತಿದ್ದರು. ಮೂರಕ್ಕೆ ಅಂದದ್ದನ್ನು ನಮಗಾಗಿ ಮುಂದೆ ಹಾಕಿ, ನಾಲ್ಕೂವರೆಗೆ ಹೆಣ ಎತ್ತಿದ್ದರಂತೆ. ಹಿರಿಯರು ಹೊತ್ತು ಮುಳುಗುವುದರೊಳಗೆ ಮುಗಿಸಬೇಕೆಂದು ಅವಸರ ಮಾಡಿದ್ದರಂತೆ. ಅವ್ವ ನೇರವಾಗಿ ಸಮಾಧಿಗೆ ನಡೆದಳು. ಹಸಿ ಮಣ್ಣಿನ ಮೇಲೆ ಸೀರೆಯನ್ನು ಬಿಚ್ಚಿ ಹೊದಿಸಿದಳು. ಅಂಚು ಸರಿಪಡಿಸಿದಳು. ಆಮೇಲೆ ಅತ್ತಳು.

ದೊಡ್ಡವ್ವನ ಮಗ ನನ್ನ ಭುಜ ಹಿಡಿದು, "ಯಾಕ ಹಿಂಗ ತಡಾ?" ಅಂದ.

"ಗಾಡಿ ಪಂಚರ್ ಆತು ಅಣ್ಣಾ" ಅಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂತು. ತಮ್ಮ ನನ್ನನ್ನು ನೋಡಿ ನೆಲ ನೋಡಿದ. ಮನೆಗೆ ಬಂದ ಮೇಲೆ ಹೆಂಗಸರು ಅವ್ವನ ಸುತ್ತ ಕೂತು ಅದನ್ನೇ ಕೇಳಿದರು. ನಾನು ಕಟ್ಟೆಯ ಮೇಲಿದ್ದೆ, ಒಳಗಿನ ಮಾತು ಕೇಳುತ್ತಿತ್ತು. ಅವ್ವ, "ಹೌದವ್ವಾ, ಪಂಚರ್ ಆತು" ಅಂದಳು. ಎಪ್ಪತ್ತು ದಾಟಿದ ಅವ್ವ, ಅಕ್ಕನ ಮನೆಯಲ್ಲಿ, ಅಕ್ಕ ಮಣ್ಣಿಗೆ ಹೋದ ದಿನ ನನ್ನ ಸಲುವಾಗಿ ಸುಳ್ಳು ಹೇಳಿದಳು.

ಒಂಬತ್ತನೆಯ ದಿನದ ಕಾರ್ಯಕ್ಕೆ ನಾನೂ ಅವ್ವನೂ ಮತ್ತೆ ಹೋದೆವು. ಊಟವಾದ ಮೇಲೆ ದೊಡ್ಡವ್ವನ ಮಗನನ್ನು ಹೊಲದ ಕಡೆ ಕರೆದೊಯ್ದು ನಡೆದದ್ದನ್ನೆಲ್ಲ ಹೇಳಿದೆ. ಅವನು ಬದುವಿನ ಕರಿಕೆ ಹುಲ್ಲು ಕೀಳುತ್ತ ಕೇಳಿದ.

"ನನಗ ಅವತ್ತ ಗೊತ್ತಾಗಿತ್ತು" ಅಂದ. "ನಿನ್ನ ಗಾಲಿಗೆ ಮೆತ್ತಿದ್ದು ಹೊಳಿ ದಂಡಿ ಎರಿ. ಪಂಚರ್ ಆದವ್ರ ಗಾಡಿಗಿ ಅಷ್ಟ ಮಣ್ಣ ಹತ್ತೂದುಲ್ಲ." ಕಿತ್ತ ಹುಲ್ಲನ್ನು ಬಿಸಾಕಿ ಮತ್ತೆ ಹೇಳಿದ: "ಚಿಗವ್ವಗ ಹಾದಿ ತಪ್ಪೀತು ಅಂತ, ಬಾಜು ಮನಿ ಅಣ್ಣಗ ಮೋಟರ್ ಸೈಕಲ್ ಕೊಟ್ಟು ಬಾಗೇವಾಡಿ ಆಚೆ ಹಾದಿ ಒಡಿಯೂ ಜಾಗಾದಾಗ ನಿಲ್ಲಸಿದ್ದೆ. ಹನ್ನೆರಡರಿಂದ ನಾಕರ ತನಾ ಬಿಸಲಾಗ ನಿಂತಾನವಾ. ನೀ ಅದರಕಿಂತ ಮೊದ್ಲ ಹೊಳ್ಳಿದಿ."

ನಾನು ಕೈಮುಗಿಯಲು ಹೋದೆ. ಅವನು ಕೈ ಹಿಡಿದು ಕೆಳಗಿಳಿಸಿದ. ಆದರೆ ಪರವಾಗಿಲ್ಲ ಅನ್ನಲಿಲ್ಲ. ಅನ್ನದಿದ್ದದ್ದೇ ಸರಿ.

ತಿರುಗಿ ಬರುವಾಗ ಅವ್ವನಿಗೆ, "ಅಣ್ಣಗ ಖರೇ ಹೇಳಿದ್ನಿ ಬೇ" ಅಂದೆ.

"ಚಲೋ ಆತು" ಅಂದಳು ಅವ್ವ. "ಇನ್ನ ಯಾರರ ಕೇಳಿದ್ರ ನಾನೂ ಖರೇನ ಹೇಳಬೌದು."

ಮುಂದಿನ ಭಾನುವಾರ ತಮ್ಮ ಬಂದಾಗ, ನೀನು ಹೇಳಿದ್ದು ಸರಿಯಿತ್ತು ಅಂದೆ. "ನನಗ ನೀರ ಕಂಡಿತ್ತಣ್ಣಾ. ನಿನ್ನ ಕೂಡ ಮತ್ತ ವಾದ ಯಾಕ ಅಂತ ಸುಮ್ನಾದೆ. ಸ್ಟೇರಿಂಗ್ ಹಿಡದು ನಿಲ್ಲಸಬೇಕಾಗಿತ್ತು" ಅಂದ. ಅವನೂ ಅಷ್ಟು ದಿನ ಅದನ್ನೇ ಹೊತ್ತುಕೊಂಡು ಶಾಲೆಗೆ ಹೋಗಿ ಬರುತ್ತಿದ್ದ ಎಂದು ಆಗಲೇ ನನಗೆ ತಿಳಿದದ್ದು. ನನ್ನ ಹಟದ ಪಾಲು ಅವನ ಮೇಲೂ ಬಿದ್ದಿತ್ತು.

ಅವ್ವ ಆಮೇಲೆ ನಾಲ್ಕು ವರ್ಷ ಇದ್ದಳು. ವರ್ಷಕ್ಕೊಮ್ಮೆ ಅವಳನ್ನು ಅಕ್ಕನ ಸಮಾಧಿಗೆ ನಾನೇ ಕರೆದೊಯ್ದೆ. ಒಮ್ಮೆ ಅಲ್ಲಿ ಕೂತಾಗ ಅವ್ವ, ಅಕ್ಕನ ಮುಖ ನೆನಪು ಮಾಡಿಕೊಂಡರೆ ಹರೆಯದ ಮುಖವೇ ಬರುತ್ತದೆ, ಕೊನೆಯ ಮುಖ ಬರುವುದಿಲ್ಲ ಅಂದಳು. ನನ್ನ ಮೇಲೆ ದೂರು ಹೇಳಿದ್ದಲ್ಲ. ನಾನು ಸಮಾಧಿಯ ಸುತ್ತ ಬೆಳೆದ ಕಸ ಕೀಳುತ್ತ ಕೂತೆ.