ನೆರೆಮನೆಯ ವೈನಿ ಮತ್ತು ಆಯಿಯ ಓಟ

ಮೊನ್ನೆ ಅಂಕೋಲೆಯ ಪೇಟೆಯಲ್ಲಿ ಮುದುಕಿಯೊಬ್ಬಳು ಬಾಳೆಲೆಯ ಮೇಲೆ ಮುರುಗಲ ತುಪ್ಪದ ಉಂಡೆಗಳನ್ನು ಇಟ್ಟುಕೊಂಡು ಕೂತಿದ್ದಳು. ಮುರುಗಲ ಬೀಜದಿಂದ ತೆಗೆದ, ಮೇಣದ ಹಾಗೆ ಗಟ್ಟಿಯಾದ ತುಪ್ಪ. ಒಡೆದ ಹಿಮ್ಮಡಿಗೆ ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಒಂದು ಉಂಡೆಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದೆ. ವಾಸನೆ ಎನ್ನುವಷ್ಟು ವಾಸನೆ ಅದಕ್ಕಿಲ್ಲ. ತುಸು ಹುಳಿ, ತುಸು ಕಮಟು... ಅಷ್ಟಕ್ಕೇ ನನ್ನ ಅಂಗಾಲುಗಳು ಬೆಚ್ಚಗಾದಂತಾಯಿತು. ಈ ತುಪ್ಪವನ್ನು ಚಮಚದಲ್ಲಿ ಕರಗಿಸಿ, ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದವಳು ನಮ್ಮ ನೆರೆಮನೆಯ ವೈನಿ. ಉಂಡೆಯನ್ನು ಎಲೆಯ ಮೇಲೆಯೇ ಇಟ್ಟು, ಮುದುಕಿ ಕರೆದದ್ದು ಕೇಳಿಸಲಿಲ್ಲವೆನ್ನುವ ಹಾಗೆ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಟ್ಟೆ.

ವೈನಿ ಎಂದರೆ ಅಣ್ಣನ ಹೆಂಡತಿ. ನನಗೆ ಅಣ್ಣನಿಲ್ಲ. ಚಿತ್ತಾಕುಲದಲ್ಲಿ ನಮ್ಮ ಪಕ್ಕದ ಬಾಡಿಗೆ ಮನೆಗೆ ಒಂದು ಜೋಡಿ ಬಂದಿತ್ತು. ಗಂಡನಿಗೆ ಕಾರವಾರದಲ್ಲಿ ಸರಕಾರಿ ನೌಕರಿ. ಅವನನ್ನು ನಾನು ಅಣ್ಣಾ ಎಂದು ಕರೆದೆ, ಅವಳು ತಾನಾಗಿ ವೈನಿಯಾದಳು. ನಮ್ಮ ಮನೆಯಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ನನ್ನ ಆಯಿ, ಅಂದರೆ ತಾಯಿ. ನಾನು ಕಾರವಾರದ ಒಂದು ಐಸ್ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಆಯಿ ಮಂಡಿನೋವು ಹೆಚ್ಚಾಗುವ ತನಕ ಬುಟ್ಟಿ ಹೊತ್ತು ಮೀನು ಮಾರಿದವಳು. ಮನೆಯಲ್ಲಿ ನಮ್ಮದು ಕೊಂಕಣಿ. ವೈನಿಗೆ ಕೊಂಕಣಿ ಬರುತ್ತಿರಲಿಲ್ಲ. ಹಾಗಾಗಿ ಅವಳು ಬಂದಾಗಲೆಲ್ಲ ಆಯಿ ತನ್ನ ಪೇಟೆ ಕನ್ನಡವನ್ನು ಹುಡುಕಿ ಹುಡುಕಿ ಮಾತಾಡುತ್ತಿದ್ದಳು. ವೈನಿಯ ತವರು ಅಂಕೋಲೆ ಕಡೆ ಎಂಬುದಷ್ಟೇ ಆಯಿಗೆ ಗೊತ್ತಿತ್ತು. ತವರಿನ ಮಾತನ್ನು ವೈನಿ ಹೆಚ್ಚು ಆಡುತ್ತಿರಲಿಲ್ಲ.

ಬೆಳಗಾಗುವ ಹೊತ್ತಿಗೆ ದೇವಬಾಗದ ದಂಡೆಯಲ್ಲಿ ಬರಿಗಾಲಲ್ಲಿ ಓಡುವುದು ನನ್ನ ಬಹಳ ವರ್ಷಗಳ ರೂಢಿ. ಒಂದು ದಿನ ಬೇಲಿಯಾಚೆಯಿಂದ ವೈನಿ ಕೇಳಿದಳು, “ನಾನೂ ಬರ್ಲಾ ತಂಗಿ? ಹಿಂದೆ ಹಿಂದೆ ಬತ್ತೆ, ನಿಂಗೆ ತ್ರಾಸ ಕೊಡೂದಿಲ್ಲ.” ಹಿಂದೆ ಬರುತ್ತೇನೆ ಎಂದವಳು ಒಂದು ಮಳೆಗಾಲ ಮುಗಿಯುವುದರೊಳಗೆ ನನ್ನ ಭುಜಕ್ಕೆ ಭುಜ ತಾಗಿಸಿ ಓಡುತ್ತಿದ್ದಳು. ಹಗುರವಾದ ಕಾಲು ಅವಳದು. ಹಸಿ ಮರಳಿನ ಮೇಲೆ ಅವಳ ಹೆಜ್ಜೆ ನನ್ನದಕ್ಕಿಂತ ತೆಳ್ಳಗೆ ಮೂಡುತ್ತಿತ್ತು.

ಬರಿಗಾಲಿನ ಅಲ್ಟ್ರಾ ಮ್ಯಾರಥಾನ್ ನಡೆಯುತ್ತದೆ ಎಂಬ ಸುದ್ದಿ ತಂದವಳೂ ಅವಳೇ. ಅಂಕೋಲೆಯಿಂದ ಹೊರಟು ಹೆದ್ದಾರಿ ಹಿಡಿದು ಕಾರವಾರ, ಅಲ್ಲಿಂದ ಕಾಳಿ ಸೇತುವೆ ದಾಟಿ ಮಾಜಾಳಿ, ಮತ್ತೆ ತಿರುಗಿ ಕಾರವಾರದ ಕಡಲ ದಂಡೆ. ಐವತ್ತು ಕಿಲೋಮೀಟರಿಗೂ ಮೇಲೆ. ಮರಳಿನಲ್ಲಿ ಪಳಗಿದ ಕಾಲಿಗೆ ಡಾಂಬರು ಬೇರೆಯೇ ಲೋಕ. ಮೊದಲು ಚಿರೆಕಲ್ಲಿನ ಮಣ್ಣುದಾರಿ, ಆಮೇಲೆ ಹಳೆಯ ಡಾಂಬರು, ಕೊನೆಗೆ ಹೆದ್ದಾರಿ ಎಂದು ಕಾಲನ್ನು ಒಗ್ಗಿಸಿಕೊಂಡೆವು. ರಜೆಯಲ್ಲಿ ಒಮ್ಮೆ ಅವಳ ತವರು ರಾಮನಗುಳಿಗೂ ನನ್ನನ್ನು ಕರೆದುಕೊಂಡು ಹೋದಳು. ಆಯಿಗೆ ಓಟದ ಅಭ್ಯಾಸಕ್ಕೆ ಎಂದಷ್ಟೇ ಹೇಳಿದ್ದೆ. ಗಂಗಾವಳಿಯ ಬದಿಯ ಏರು ದಾರಿಯಲ್ಲಿ ಇಬ್ಬರೂ ಓಡಿದೆವು. ಅವಳ ಅಪ್ಪ ಗದ್ದೆಯಿಂದ ಕೆಸರುಗಾಲಲ್ಲೇ ಬಂದು, “ಊರಲ್ಲಿ ಇಷ್ಟ್ ಬಸ್ ಅವೆ, ನೀವು ಓಡೂದು ಎಂತಕೆ?” ಎಂದು ನಕ್ಕಿದ್ದ. ಅವಳ ತಾಯಿ ಬಾಳೆಲೆ ಹಾಸಿ ಊಟ ಬಡಿಸಿದಳು. ವೈನಿ ಅವಳನ್ನು ‘ಅವ್ವೆ’ ಎನ್ನುತ್ತಿದ್ದಳು. ಆ ಅವ್ವೆ ಕಡಲನ್ನು ಹತ್ತಿರದಿಂದ ನೋಡಿದ್ದು ಮಗಳನ್ನು ನಮ್ಮೂರಿನ ಬಾಡಿಗೆ ಮನೆಗೆ ಬಿಡಲು ಬಂದಾಗ ಒಮ್ಮೆಯಂತೆ.

ಆ ವರ್ಷ ನನಗೆ ಓಡಲಾಗಲಿಲ್ಲ. ಅಳಿವೆಯ ಬಂಡೆಗಳ ಮೇಲೆ ಕಾಲು ಜಾರಿ, ಬಂಡೆಗೆ ಅಂಟಿದ್ದ ಕಲ್ವಾ ಚಿಪ್ಪು ಅಂಗಾಲನ್ನು ಸೀಳಿತು. ಹೊಲಿಗೆ ಹಾಕಿದ ಗಾಯ ಕೀವಾಯಿತು, ಮತ್ತೆ ಬಿಚ್ಚಿ ತೊಳೆದರು. ಅದು ಮಾಗಿ ಓಟ ಹತ್ತುವಷ್ಟರಲ್ಲಿ ಪಾದದ ಎಲುಬಿನಲ್ಲಿ ಸಣ್ಣ ಬಿರುಕು ಕಾಣಿಸಿತು. ಇನ್ನು ಬೂಟು ಹಾಕದೆ ಓಡಲೇಬೇಡಿ ಎಂದರು ಡಾಕ್ಟರು. ನಾನು ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಗ ವೈನಿ ಬಂದು ಕಾಲ ಬುಡದಲ್ಲಿ ಕೂತಳು.

“ನೀ ಏಳೂತನಕ ನಾನೂ ಓಡೂದಿಲ್ಲ” ಎಂದಳು. ಹೇಳಿದಂತೆಯೇ ನಡೆದುಕೊಂಡಳು. ಆ ಇಡೀ ಮಳೆಗಾಲ ಸಂಜೆಯಾದರೆ ಬರುವಳು. ಒಂದು ಪಾತ್ರೆ ಪೇಜಗಂಜಿ, ಬಟ್ಟಲಲ್ಲಿ ಮುರುಗಲ ತುಪ್ಪ. ಕಾಲು ತಿಕ್ಕುತ್ತ ಊರ ಸುದ್ದಿ ಹೇಳುವಳು. ಅಂಥ ಒಂದು ಸಂಜೆ, ಆಯಿ ಹೊರಗೆ ಹೋಗಿದ್ದಾಗ, ಅವಳು ಕೇಳಿದಳು: “ಇಷ್ಟೆಲ್ಲ ಆದ ಮೇಲೂ ನಿಂಗೆ ಬರಿಗಾಲೇ ಬೇಕು ಅಂತ ಎಂತಕೆ ಹಟ?”

ಅಲ್ಲಿಯವರೆಗೆ ಯಾರಿಗೂ ಹೇಳದೆ ಇದ್ದದ್ದನ್ನು ಹೇಳಿದೆ.

ನಾನು ಆಗ ಸಣ್ಣವಳು. ನನ್ನ ಅಪ್ಪ ದೋಣಿ ತೆಗೆದುಕೊಂಡು ಕಡಲಿಗೆ ಹೋಗಿದ್ದ. ಬೆಳಿಗ್ಗೆ ಗಾಳಿ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಮಾಜಾಳಿಯಲ್ಲಿ ಒಂದು ದೋಣಿ ದಂಡೆಗೆ ಬಿದ್ದಿದೆ ಎಂದು ಯಾರೋ ಕೂಗಿಕೊಂಡು ಬಂದರು. ಆಯಿ ಹೇಗಿದ್ದಳೋ ಹಾಗೆಯೇ ಹೊರಬಿದ್ದು ದಂಡೆ ಹಿಡಿದು ಉತ್ತರಕ್ಕೆ ಓಡಿದಳು. ಮೆಟ್ಟು ಹಾಕಿಕೊಳ್ಳಲೂ ನಿಲ್ಲಲಿಲ್ಲ. ನಾನು ಅಳುತ್ತ ಹಿಂದೆ ಓಡಿದೆ. ಒಂದೇ ಒಂದು ಸಲ ತಿರುಗಿ ನೋಡಿ, “ಒಲೆ ಮೇಲೆ ಅನ್ನ ಇದೆ, ಹೋಗಿ ಇಳಿಸು” ಎಂದಳು. ಅಷ್ಟೇ. ಮತ್ತೆ ಅವಳನ್ನು ಹಿಡಿಯಲು ನನ್ನಿಂದ ಆಗಲಿಲ್ಲ. ನಾನು ನಿಂತ ಕಡೆಯೇ ನಿಂತು, ಅವಳು ಸಣ್ಣಗಾಗುತ್ತ ಹೋದದ್ದನ್ನು ನೋಡಿದೆ... ಮಾಜಾಳಿಯಲ್ಲಿ ಬಿದ್ದಿದ್ದು ಬೇರೆ ಯಾರದೋ ದೋಣಿ. ಅಪ್ಪ ಬರಲೇ ಇಲ್ಲ. ಆಯಿಯ ಅಂಗಾಲಿನ ಚರ್ಮ ಸುಲಿದು ಹೋಗಿತ್ತು. ಆ ದಿನದ ಮಾತನ್ನು ಅವಳು ಮುಂದೆಂದೂ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಆದರೆ ದಂಡೆಯ ಮೇಲೆ ಓಡುವಾಗೆಲ್ಲ ಅವಳ ಬೆನ್ನು ನನ್ನ ಮುಂದೆ ಇರುತ್ತದೆ.

ವೈನಿಯ ಕೈ ನನ್ನ ಪಾದದ ಮೇಲೆ ನಿಂತುಹೋಗಿತ್ತು. ಅವಳ ಕಣ್ಣಲ್ಲಿ ನೀರಿತ್ತು. “ಆಯಿ ಹತ್ರ ಹೇಳ್ಬೇಡ, ನಾನು ಹೇಳ್ದೆ ಅಂತ” ಎಂದೆ. ಅವಳು ತಲೆಯಾಡಿಸಿದಳು.

ಮುಂದಿನ ಚಳಿಗಾಲದಲ್ಲಿ ಇಬ್ಬರೂ ಹೆಸರು ಕೊಟ್ಟೆವು. ಬೆಳಕು ಹರಿಯುವ ಮೊದಲೇ ಅಂಕೋಲೆಯಲ್ಲಿ ಓಟ ಸುರುವಾಯಿತು. ಅವರ್ಸಾ ದಾಟುವ ತನಕ ಡಾಂಬರು ತಣ್ಣಗಿತ್ತು, ನಾವು ಮಾತಾಡುತ್ತಲೇ ಓಡಿದೆವು. ಅಮದಳ್ಳಿ ಹತ್ತಿರ ಬರುವಾಗ ಹಳೆಯ ಎಲುಬು ಕುಟುಕಿತು. ಇನ್ನೂ ಸ್ವಲ್ಪ ದೂರಕ್ಕೆ ಕಾಲು ಊರಲಾಗಲಿಲ್ಲ. ನಾನು ರಸ್ತೆ ಮಧ್ಯದ ಕಟ್ಟೆಯ ಮೇಲೆ ಕೂತೆ. ವೈನಿಯೂ ನಿಂತಳು.

“ನೀ ಹೋಗು ವೈನಿ.”

“ನೀ ಇಲ್ದೆ ನಾ ಹೆಂಗೆ ಹೋಗ್ಲಿ?”

“ಹೋಗು. ಇಬ್ರ ಪಾಲಿದ್ದೂ ನೀನೇ ಓಡು.”

ಅವಳು ಬಗ್ಗಿ ನನ್ನ ಪಾದವನ್ನು ಒಮ್ಮೆ ಮುಟ್ಟಿ ಹೋದಳು. ಆ ಹೊತ್ತಿನಲ್ಲಿ ಅವಳ ಪ್ರೀತಿಯಲ್ಲಿ ಸುಳ್ಳಿರಲಿಲ್ಲ ಎಂದು ಈಗಲೂ ನಂಬುತ್ತೇನೆ. ಬಹುಶಃ ಅದಕ್ಕೇ ಮುಂದಿನದು ಇಷ್ಟು ಆಳಕ್ಕೆ ಇಳಿಯಿತು.

ಕಾರ್ಯಕರ್ತರ ಜೀಪಿನಲ್ಲಿ ನನ್ನನ್ನು ಕಾರವಾರಕ್ಕೆ ತಂದು ಶಾಮಿಯಾನದ ನೆರಳಲ್ಲಿ ಕೂರಿಸಿದರು. ಮಧ್ಯಾಹ್ನ ದಾಟಿದ ಮೇಲೆ ವೈನಿ ಬಂದಳು. ಬರಿಗಾಲಲ್ಲಿ ಓಟ ಮುಗಿಸಿದ ಹೆಂಗಸು ಅವಳೊಬ್ಬಳೇ. ಅವಳ ಪಾದ ಡಾಂಬರಿನಷ್ಟೇ ಕಪ್ಪಾಗಿತ್ತು. ನಾನು ಒಂಟಿಗಾಲಲ್ಲಿ ಎದ್ದು ನಿಂತು ಕೈ ನೋಯುವಷ್ಟು ಚಪ್ಪಾಳೆ ಹೊಡೆದೆ. ನನ್ನ ಅಕ್ಕಪಕ್ಕದವರಿಗೆಲ್ಲ “ನಮ್ಮ ವೈನಿ, ನಮ್ಮ ವೈನಿ” ಎಂದು ಹೇಳಿದೆ.

ವೇದಿಕೆಯ ಮೇಲೆ ಓಟ ಮುಗಿಸಿದವರನ್ನು ಒಬ್ಬೊಬ್ಬರಾಗಿ ಮಾತಾಡಿಸುತ್ತಿದ್ದರು. ಒಬ್ಬ ತೀರಿಹೋದ ಮಗನಿಗಾಗಿ ಓಡಿದೆ ಎಂದ. ಇನ್ನೊಬ್ಬ ಕುಡಿತ ಬಿಟ್ಟ ಕಥೆ ಹೇಳಿದ. ವೈನಿಯ ಬಾಯಿಯ ಮುಂದೆ ಮೈಕ್ ಹಿಡಿದು, “ನೀವು ಬರಿಗಾಲಲ್ಲೇ ಓಡೋದು ಯಾಕೆ?” ಎಂದು ಕೇಳಿದರು.

ವೈನಿ ಹೇಳಿದಳು: “ನಾ ಸಣ್ಣವಳಿರುವಾಗ ನನ್ನ ಅಪ್ಪ ಕಡಲಿಗೆ ಹೋದವ ತಿರುಗಿ ಬರ್ಲಿಲ್ಲ. ನನ್ನ ಆಯಿ ಬರಿಗಾಲಲ್ಲಿ ದಂಡೆ ಹಿಡ್ದು ಓಡಿದ್ಲು...”

ಅವ್ವೆ ಎನ್ನಲಿಲ್ಲ. ಆಯಿ ಎಂದಳು. ಒಲೆಯ ಮೇಲಿನ ಅನ್ನವನ್ನೂ ಬಿಡಲಿಲ್ಲ. ಜನ ಉಸಿರು ಬಿಗಿಹಿಡಿದು ಕೇಳಿದರು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಡುವೆ ಒಮ್ಮೆ ವೈನಿಯ ಕಣ್ಣು ನನ್ನ ಮೇಲೆ ಬಿತ್ತು. ಅವಳ ದನಿ ತಡವರಿಸಲಿಲ್ಲ. ರಾಮನಗುಳಿಯ ಆ ಅಪ್ಪ ಅದೇ ಹೊತ್ತಿಗೆ ತನ್ನ ಗದ್ದೆಯ ಅಂಚಿನಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಿರಬೇಕು... ನಾನು ಯಾರ ಕೈಯನ್ನೂ ಹಿಡಿಯದೆ, ಕುಂಟುತ್ತ ರಿಕ್ಷಾ ನಿಲ್ಲುವ ಕಡೆ ನಡೆದೆ.

ಆ ಮಾತಿನ ವಿಡಿಯೊ ಎರಡು ದಿನದಲ್ಲಿ ಊರಿನ ಮೊಬೈಲುಗಳಲ್ಲೆಲ್ಲ ಓಡಾಡಿತು. ಮೀನು ಪೇಟೆಯ ಹೆಂಗಸರು ಆಯಿಗೂ ತೋರಿಸಿದರು. ಮನೆಗೆ ಬಂದವಳು ಬಾಗಿಲಲ್ಲೇ ಕೂತುಬಿಟ್ಟಳು. “ಪಾಪ, ಅವಳ ಆಯಿಗೂ ನನ್ನ ಹಾಗೇ ಆಗಿತ್ತಂತೆ. ಇಷ್ಟು ದಿನ ಪಕ್ಕದಲ್ಲಿದ್ದೂ ಒಂದು ಮಾತು ಹೇಳಲಿಲ್ಲ ನೋಡು” ಎಂದಳು. ಮತ್ತೆ, “ಅವಳ ಆಯಿಯೂ ಅನ್ನ ಇಟ್ಟು ಬಂದಿದ್ದಳಂತೆ. ಹೆಂಗಸರ ಹಣೆಬರಹ ಎಲ್ಲ ಕಡೆ ಒಂದೇ” ಎಂದಳು.

ಏನೆಂದು ಹೇಳುವುದು? ಅದು ನಿನ್ನದೇ, ಅವಳಿಗೆ ಕೊಟ್ಟವಳು ನಾನೇ ಎಂದೇ? ಆಯಿ ಎದ್ದು ಬಂಗಡೆ ಸಾರು ಮಾಡಿದಳು. ಬಟ್ಟಲಲ್ಲಿ ಹಾಕಿ, ಮುಚ್ಚಿ, ಮಂಡಿ ಹಿಡಿದುಕೊಂಡು ಬೇಲಿ ದಾಟಿದಳು. ನಾನು ಕಿಟಕಿಯಿಂದ ನೋಡುತ್ತ ನಿಂತೆ. ಆಯಿ ವೈನಿಯ ಕೆನ್ನೆಯ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದಳು. ಈಗಲಾದರೂ ಹೇಳುತ್ತಾಳೆ, ಆ ಮುಖ ನೋಡಿಯಾದರೂ ಹೇಳುತ್ತಾಳೆ ಎಂದುಕೊಂಡೆ. ವೈನಿ ತಲೆ ತಗ್ಗಿಸಿ ನಿಂತಿದ್ದಳು. ಆಮೇಲೆ ಎರಡೂ ಕೈ ಚಾಚಿ ಬಟ್ಟಲನ್ನು ತೆಗೆದುಕೊಂಡಳು.

ಮರುದಿನ ಬಾವಿಕಟ್ಟೆಯಲ್ಲಿ ಅವಳೊಬ್ಬಳೇ ಸಿಕ್ಕಳು.

“ನಿನ್ನ ಅಪ್ಪ ರಾಮನಗುಳಿಯಲ್ಲಿ ಗಟ್ಟಿಮುಟ್ಟಾಗಿ ಇದ್ದಾನಲ್ಲ ವೈನಿ” ಎಂದೆ.

ಅವಳು ಹಗ್ಗ ಬಿಟ್ಟು ನಿಂತಳು. “ಮೈಕ್ ಹಿಡ್ದಾಗ ನಂಗೆ ಎಂತ ಹೇಳೂದು ತಿಳೀಲಿಲ್ಲ ತಂಗಿ. ಎಲ್ಲರ ಹತ್ರವೂ ಒಂದೊಂದು ಕಾರಣ ಇತ್ತು. ನಂಗೆ ಓಡೂಕೆ ಖುಷಿ ಆಗ್ತದೆ, ಅದು ಬಿಟ್ರೆ ಎಂತ ಇಲ್ಲ. ಅದನ್ನ ಯಾರು ಕೇಳ್ತಾರೆ?”

“ಹಂಗಾದ್ರೆ ಈಗ ಹೇಳು. ಅದು ನಂದಲ್ಲ ಅಂತ ಹೇಳು.”

“ಈಗ ಹೆಂಗೆ ಹೇಳ್ಲಿ? ಪೇಪರಲ್ಲಿ ಬಂದಾಯ್ತು.” ಮತ್ತೆ ನನ್ನ ಮುಖ ನೋಡದೆ, “ನೀನೇ ಅಂದಿದ್ದಲ್ಲ, ಇಬ್ರ ಪಾಲಿದ್ದೂ ಓಡು ಅಂತ” ಎಂದಳು.

ಓಟವನ್ನು ಕೊಟ್ಟಿದ್ದೆ. ಆಯಿಯನ್ನು ಕೊಟ್ಟಿರಲಿಲ್ಲ. ಅದನ್ನು ಅವಳಿಗೆ ಹೇಳುವುದೂ ಬೇಡವೆನಿಸಿ ಖಾಲಿ ಕೊಡ ಹಿಡಿದು ವಾಪಸು ಬಂದೆ.

ಆಮೇಲೆ ಅವಳನ್ನು ಶಾಲೆ ಕಾಲೇಜುಗಳಿಗೆ ಕರೆಯತೊಡಗಿದರು. ಎಲ್ಲ ಕಡೆ ಅದೇ ಕಥೆ. ಹೇಳಿ ಹೇಳಿ ಅದು ಬೆಳೆಯಿತು. ಮಳೆ ಸೇರಿತು, ಸಿಡಿಲು ಸೇರಿತು. ಆ ದಿನ ಮಳೆಯೇ ಇರಲಿಲ್ಲ. ಬರೀ ಗಾಳಿ, ಕಣ್ಣಿಗೆ ಹೊಡೆಯುವ ಬಿಸಿಲು. ನಾನು ದಂಡೆಗೆ ಹೋಗುವ ಹೊತ್ತನ್ನು ಬದಲಿಸಿದೆ. ಒಂದು ವರ್ಷದೊಳಗೆ ಅವಳ ಗಂಡನಿಗೆ ಘಟ್ಟದ ಮೇಲಿನ ಊರಿಗೆ ವರ್ಗವಾಯಿತು. ಹೊರಡುವ ದಿನ ಅವಳು ಆಯಿಯ ಕಾಲಿಗೆ ನಮಸ್ಕಾರ ಮಾಡಲು ಬಂದಿದ್ದಳಂತೆ. ನಾನು ಆಫೀಸಿನಲ್ಲಿ ಇಲ್ಲದ ಕೆಲಸ ಮಾಡಿಕೊಂಡು ಕೂತಿದ್ದೆ. ಸಂಜೆ ಆಯಿ, “ಹೋಗುವಾಗ ಅವಳು ಬಹಳ ಅತ್ತಳು. ನೀನು ಇರಬೇಕಿತ್ತು” ಎಂದಳು.

ಆಯಿ ಕಳೆದ ಮಳೆಗಾಲದಲ್ಲಿ ತೀರಿಕೊಂಡಳು. ಕೊನೆಯವರೆಗೂ ಅವಳಿಗೆ ವೈನಿಯ ಮೇಲೆ ಅಂತಃಕರಣವಿತ್ತು. ನನ್ನಂಥ ಇನ್ನೊಬ್ಬಳ ಮಗಳು ಎನ್ನುತ್ತಿದ್ದಳು. ನಿಜ ಹೇಳಿ ಅದನ್ನು ಕಸಿದುಕೊಳ್ಳುವುದು ನನ್ನಿಂದಾಗಲಿಲ್ಲ.

ಈ ಚಳಿಗಾಲದಲ್ಲಿ ನಾನು ಅದೇ ದಾರಿಯನ್ನು ಬರಿಗಾಲಲ್ಲಿ ಓಡಿ ಮುಗಿಸಿದೆ. ಬಹಳ ಹಿಂದೆ ಬಿದ್ದಿದ್ದೆ, ಶಾಮಿಯಾನ ಬಿಚ್ಚುತ್ತಿದ್ದರು. ಮೈಕ್ ಹಿಡಿದ ಹುಡುಗಿಗೆ ನಾನು ಚಿತ್ತಾಕುಲದವಳು ಎಂದು ತಿಳಿದು ಮುಖ ಅರಳಿತು. “ನಿಮ್ಮೂರಲ್ಲೇ ಅಲ್ವಾ, ಅಪ್ಪ ಕಡಲಲ್ಲಿ ಹೋಗಿ, ತಾಯಿ ಬರಿಗಾಲಲ್ಲಿ ಓಡಿದ್ದು? ಅವರ ಪರಿಚಯ ಇತ್ತಾ?”

“ಇತ್ತು” ಎಂದೆ. ನೀವು ಯಾಕೆ ಓಡುತ್ತೀರಿ ಎಂದು ಕೇಳಿದಳು. ನನ್ನ ಹತ್ತಿರ ಇದ್ದ ಉತ್ತರವನ್ನು ಆ ಹುಡುಗಿಯೇ ಆಗಲೇ ಹೇಳಿ ಮುಗಿಸಿದ್ದಳು. ನಕ್ಕು ವೇದಿಕೆಯಿಂದ ಕೆಳಗಿಳಿದೆ.

ಪಕ್ಕದ ಮನೆಗೆ ಈಗ ಬೇರೆಯವರು ಬಂದಿದ್ದಾರೆ, ಒಳ್ಳೆಯವರು. ನಮ್ಮ ಮನೆಯಲ್ಲಿ ನಾನೊಬ್ಬಳೇ. ಕಾಲು ನೋಯುವ ದಿನಗಳಲ್ಲಿ ವೈನಿ ಇದ್ದಿದ್ದರೆ ಎಂದು ಮನಸ್ಸು ಒಮ್ಮೆ ನೆನೆದು, ಮರುಗಳಿಗೆ ತನ್ನ ಮೇಲೆಯೇ ಸಿಟ್ಟಾಗುತ್ತದೆ. ಇದನ್ನು ಓದಿದವರಲ್ಲಿ ಯಾರಾದರೂ ಈ ಕಥೆಯನ್ನು ಮೊದಲೇ ಎಲ್ಲೋ ಕೇಳಿದ್ದೇವೆ ಎನ್ನಬಹುದು. ಕೇಳಿರುತ್ತೀರಿ. ಮಳೆ ಇರಲಿಲ್ಲ, ಸಿಡಿಲು ಇರಲಿಲ್ಲ. ಓಡಿದವಳು ನನ್ನ ಆಯಿ.